ಹ್ಯೂಸ್ಟನ್ನವರಿಗೆ ಹುಡುಗ ಹುಡುಕಿದ್ದು

ಹೆದರಿಕೆಗೂ ಒಂದು ಮಾನಮರ್ಯಾದೆ ಇರಬೇಕು ಎಂದು ನಂಬಿರುವವಳು ನಾನು. ಹೆದರುವುದೇ ಆದರೆ ಹಾವಿಗೆ ಹೆದರಬೇಕು, ಸುಂಟರಗಾಳಿಗೆ ಹೆದರಬೇಕು, ಹೈವೇಯಲ್ಲಿ ನಮ್ಮ ಸಾಲಿಗೆ ಒರಗಿಕೊಂಡು ಬರುವ ಹದಿನೆಂಟು ಗಾಲಿಯ ಟ್ರಕ್ಕಿಗೆ ಹೆದರಬೇಕು. ಹೇಳಿಕೊಂಡರೆ ಕೇಳಿದವರು ಪಾಪ ಅನ್ನಬೇಕು. ಡಲ್ಲಾಸ್ ಪಕ್ಕದ ನಮ್ಮ ಫ್ಲವರ್ ಮೌಂಡಿನಲ್ಲಿ ಇಂಥವಕ್ಕೆ ಕೊರತೆಯೇನೂ ಇಲ್ಲ. ಒಮ್ಮೆ ಗ್ಯಾರೇಜಿನೊಳಗೆ ಹಾವು ಬಂದಾಗ ಉದ್ದ ಕೋಲಿನ ಪೊರಕೆ ಹಿಡಿದು ಅದನ್ನು ಹೊರಗೆ ಸಾಗಹಾಕಿದವಳು ನಾನೇ. ನಮ್ಮ ಯಜಮಾನರು ಕಾರಿನೊಳಗೆ ಕೂತು, ಗಾಜು ಒಂದಿಷ್ಟೇ ಇಳಿಸಿ, ಎಡಕ್ಕೆ, ಬಲಕ್ಕೆ ಎಂದು ಸಲಹೆ ಕೊಡುತ್ತಿದ್ದರು. ಇಂಥ ಧೈರ್ಯದ ಹೆಂಗಸು ಒಂದು ಇಡೀ ವಸಂತಕಾಲ ಅನ್ನ ಸೇರದೆ ಒದ್ದಾಡಿದ್ದು ಯಾವುದಕ್ಕೆ ಎಂದರೆ, ಹ್ಯೂಸ್ಟನ್ನಿನ ಫುಟ್‌ಬಾಲ್ ತಂಡಕ್ಕೆ ಮುಂದಿನ ವರ್ಷ ಕ್ವಾರ್ಟರ್‌ಬ್ಯಾಕ್ ಯಾರು ಎಂಬ ಪ್ರಶ್ನೆಗೆ. ಇದನ್ನು ಯಾರ ಮುಂದೆ ಹೇಳಿಕೊಂಡರೆ ತಾನೆ ಪಾಪ ಅಂದಾರು?

ಈ ದೇಶದ ಫುಟ್‌ಬಾಲಿನಲ್ಲಿ ಕಾಲಿಗಿಂತ ಕೈಗೇ ಕೆಲಸ ಹೆಚ್ಚು. ಪ್ರತಿ ಸಲವೂ ಚೆಂಡು ಮೊದಲು ಒಬ್ಬನ ಕೈಗೆ ಬರುತ್ತದೆ. ಎದುರಾಳಿಯ ನಾಲ್ಕೈದು ದೈತ್ಯರು ಅವನ ಮೈಮೇಲೆ ಬೀಳಲು ಓಡಿ ಬರುತ್ತಿರುವಾಗ, ಅವನು ತಲೆ ಕೆಡಿಸಿಕೊಳ್ಳದೆ, ಅದನ್ನು ಯಾರಿಗೆ ಎಸೆಯಬೇಕೆಂದು ಕಣ್ಣು ಮಿಟುಕಿಸುವಷ್ಟರಲ್ಲಿ ತೀರ್ಮಾನಿಸಬೇಕು. ಅವನೇ ಕ್ವಾರ್ಟರ್‌ಬ್ಯಾಕ್. ಅವನು ಸರಿಯಿದ್ದರೆ ತಂಡ ಬದುಕಿತು, ಇಲ್ಲವಾದರೆ ಊರಿಗೆ ಊರೇ ಸೂತಕದ ಮನೆ. ಇಷ್ಟನ್ನು ನಾನು ಕಲಿತದ್ದು ಇಷ್ಟಪಟ್ಟಲ್ಲ. ನಮ್ಮವರು ಹುಬ್ಬಳ್ಳಿಯಿಂದ ಬಂದು ಇಲ್ಲೇ ಪಕ್ಕದ ಲೂಯಿಸ್‌ವಿಲ್ಲಿನ ಅಪಾರ್ಟ್‌ಮೆಂಟಿನಲ್ಲಿ ಸಂಸಾರ ಹೂಡಿದ ಮೊದಲ ಚಳಿಗಾಲದಲ್ಲೇ ಡಲ್ಲಾಸ್ ತಂಡದ ಭಕ್ತರಾದರು. ಭಕ್ತರು ಎಂದರೆ ತಮ್ಮ ದೇವರನ್ನು ಹೊಗಳುವವರು ಎಂದುಕೊಂಡಿದ್ದೆ. ಇವರದು ಹಾಗಲ್ಲ. ಆಟದ ಕಾಲ ಮುಗಿದು ಫೆಬ್ರವರಿಯಲ್ಲಿ ಎಲ್ಲ ಮನೆಗಳಲ್ಲೂ ಶಾಂತಿ ನೆಲೆಸಿದಾಗ ಇವರು ಹ್ಯೂಸ್ಟನ್ ತಂಡದ ಚಿಂತೆ ಹಚ್ಚಿಕೊಳ್ಳುತ್ತಾರೆ. ಲೆಕ್ಕಕ್ಕೆ ಬರುವ ಪಂದ್ಯದಲ್ಲಿ ಈ ಎರಡು ತಂಡಗಳು ಎದುರಾಗುವುದು ನಾಲ್ಕು ವರ್ಷಕ್ಕೊಮ್ಮೆ. ಜಗಳ ಮಾತ್ರ ವಾರಕ್ಕೊಮ್ಮೆ, ಶನಿವಾರ ಬೆಳಿಗ್ಗೆ, ನಮ್ಮ ಅಡುಗೆಮನೆಯ ಮೇಜಿನ ಮುಂದೆ, ಅವರ ಗೆಳೆಯರಾದ ಪಾಟೀಲರ ಜೊತೆ.

ಪಾಟೀಲರು ಬೆಳಗಾವಿಯವರು, ಇವರಂತೆಯೇ ಡಲ್ಲಾಸ್ ಭಕ್ತರು. ಹಾಗಿದ್ದ ಮೇಲೆ ಜಗಳ ಯಾಕೆ ಎಂದು ಕೇಳಬೇಡಿ. ಹ್ಯೂಸ್ಟನ್ನಿಗೆ ಆ ವರ್ಷ ಕ್ವಾರ್ಟರ್‌ಬ್ಯಾಕ್ ಇರಲಿಲ್ಲ. ಒಬ್ಬನನ್ನು ತಂಡದಿಂದ ಕಳಿಸಿಬಿಟ್ಟಿದ್ದರು, ಇನ್ನೊಬ್ಬ ಮೊಣಕಾಲು ಮುರಿದುಕೊಂಡಿದ್ದ. ಬೇರೆ ಊರಿನ ಒಬ್ಬ ಅನುಭವಸ್ಥ ಬರಬಹುದೆಂಬ ಸುದ್ದಿಯಿತ್ತು. ಇಲ್ಲವಾದರೆ ಏಪ್ರಿಲ್ ಕೊನೆಯಲ್ಲಿ ಕಾಲೇಜಿನಿಂದ ಹೊರಬೀಳುವ ಹುಡುಗರಲ್ಲಿ ಒಬ್ಬನನ್ನು ಆರಿಸಿಕೊಳ್ಳಬೇಕಿತ್ತು. ಅನುಭವಸ್ಥ ಬಂದರೆ ನಮ್ಮ ಗತಿ ಮುಗಿಯಿತು ಎಂದು ನಮ್ಮವರ ಹೆದರಿಕೆ. ಹುಡುಗ ಬಂದರೆ ಇನ್ನು ಹತ್ತು ವರ್ಷ ಮುಗಿಯಿತು ಎಂದು ಪಾಟೀಲರ ಹೆದರಿಕೆ. ಇಬ್ಬರು ಗಂಡಸರು ನನ್ನ ಅವಲಕ್ಕಿ ತಿನ್ನುತ್ತ, ಪಕ್ಕದೂರಿನವರಿಗೆ ಎಲ್ಲಿ ಒಳ್ಳೆಯದಾಗಿಬಿಡುತ್ತದೋ ಎಂದು ಬೆವರುತ್ತಿದ್ದರು. ನಾನು ಇದನ್ನು ನೋಡಿ ನಗುತ್ತಿದ್ದೆ. ನಗುವಿಗೂ ಕಾಲ ಕೂಡಿಬರಬೇಕು ಎಂಬುದು ಆಮೇಲೆ ಗೊತ್ತಾಯಿತು.

ಮಾರ್ಚ್ ತಿಂಗಳ ಒಂದು ಸಂಜೆ ಆಸ್ಟಿನ್ನಿನಿಂದ ಮಗಳು ಅನಘಾ ಫೋನ್ ಮಾಡಿದಳು. ಅಲ್ಲೇ ಓದಿ ಅಲ್ಲೇ ಕೆಲಸ ಹಿಡಿದವಳು. ಜೊತೆಯಲ್ಲಿ ಕೆಲಸ ಮಾಡುವ ನಿಖಿಲನ ಸುದ್ದಿ ನಮಗೆ ಮೊದಲೇ ತಿಳಿದಿತ್ತು, ಹುಡುಗನನ್ನು ಎರಡು ಸಲ ನೋಡಿಯೂ ಇದ್ದೆವು. ಈಗ ಅವನ ತಂದೆ ತಾಯಿ ನಮ್ಮನ್ನು ನೋಡಬೇಕಂತೆ. ಅವರು ಮೂಲ ಮೈಸೂರಿನವರು, ಇರುವುದು ಹ್ಯೂಸ್ಟನ್ನಿನ ಪಕ್ಕದ ಕೇಟಿಯಲ್ಲಿ. ತಂದೆ ಎಣ್ಣೆ ಕಂಪನಿಯೊಂದರಲ್ಲಿ ಎಂಜಿನಿಯರ್. ಇಬ್ಬರಿಗೂ ಅನುಕೂಲವಾಗುವಂತೆ ಆಸ್ಟಿನ್ನಿನಲ್ಲಿ, ಅವಳ ಅಪಾರ್ಟ್‌ಮೆಂಟಿನಲ್ಲೇ ಊಟಕ್ಕೆ ಸೇರುವುದು ಎಂದಾಯಿತು. ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿ ಮುಗಿಸಿದ ಮೇಲೆ, ಒಂದು ಮಾತು, ಆ ಮನೆಯವರು ಹ್ಯೂಸ್ಟನ್ ತಂಡದ ಕಟ್ಟಾ ಅಭಿಮಾನಿಗಳು, ವರ್ಷವರ್ಷವೂ ಎಲ್ಲ ಪಂದ್ಯಗಳ ಸೀಸನ್ ಟಿಕೆಟ್ ಕೊಳ್ಳುವವರು, ಅಪ್ಪ ಫುಟ್‌ಬಾಲಿನ ಮಾತೆತ್ತದಂತೆ ನೋಡಿಕೋ ಎಂದಳು. ಆಮೇಲೆ ಕನ್ನಡದಲ್ಲಿ, “ಅಮ್ಮಾ, ನಂಗ ಹೆದರಿಕಿ ಆಗ್ಲಿಕತ್ತದ” ಅಂದಳು.

ನನ್ನ ನಗು ನಿಂತದ್ದು ಆಗಲೇ. ಈ ಹುಡುಗಿ ಐದನೇ ವರ್ಷದಿಂದ ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟವಳು. ಅವಳ ಬಾಯಲ್ಲಿ ಕನ್ನಡ ಬರುವುದು ಜ್ವರ ನೂರಾಮೂರು ದಾಟಿದಾಗ ಮಾತ್ರ.

ಅವಳ ಹೆದರಿಕೆಗೆ ಕಾರಣವೂ ಇತ್ತು. ಎರಡು ವರ್ಷದ ಹಿಂದೆ ಬೇರೊಂದು ಮನೆಯವರು ಅವಳನ್ನು ಕೇಳಿಕೊಂಡು ನಮ್ಮಲ್ಲಿಗೆ ಬಂದಿದ್ದರು. ಹುಡುಗನ ತಂದೆ ಯಾವುದೋ ದೂರದ ಊರಿನ ತಂಡದವರು. ಹೋಳಿಗೆ ಬಡಿಸುವ ಹೊತ್ತಿಗೆ ನಮ್ಮವರು, ನಿಮ್ಮ ಕ್ವಾರ್ಟರ್‌ಬ್ಯಾಕ್ ಸಂತೆಯಲ್ಲಿ ಚೀಲ ಕಳಕೊಂಡವರ ಹಾಗೆ ನಿಂತಿರುತ್ತಾನಲ್ಲ ಎಂದು ಬಹಳ ಪ್ರೀತಿಯಿಂದಲೇ ಹೇಳಿದ್ದರು. ಆ ಮನೆಯವರು ಎರಡನೆಯ ಹೋಳಿಗೆ ಮುಟ್ಟಲಿಲ್ಲ. ವಾರದ ನಂತರ, ಜಾತಕ ಕೂಡಿಬರುವುದಿಲ್ಲ ಎಂದು ತಿಳಿಸಿದರು. ನಾವು ಜಾತಕವನ್ನೇ ಕೊಟ್ಟಿರಲಿಲ್ಲ.

ಹಾಗಾಗಿ ಈ ಸಲ ನಾನು ನಮ್ಮವರಿಂದ ಮಾತು ತೆಗೆದುಕೊಂಡೆ. ಅವರು ದೇವರ ಮುಂದೆ ನಿಂತು, ಬೀಗರ ಎದುರು ಫುಟ್‌ಬಾಲಿನ ಶಬ್ದವನ್ನೇ ಎತ್ತುವುದಿಲ್ಲ ಎಂದರು. ಅವರಿಗೂ ಒಳಗೊಳಗೆ ಭಯವಿತ್ತು. ಮಗಳ ಮೇಲೆ ಜೀವ ಇಟ್ಟುಕೊಂಡ ಮನುಷ್ಯ, ಹೋಳಿಗೆಯ ಪ್ರಕರಣವನ್ನು ಮರೆತಿರಲಿಲ್ಲ. ಆಸ್ಟಿನ್ನಿಗೆ ಹೊರಟ ದಿನ ದಾರಿಯುದ್ದಕ್ಕೂ ನಾನು ಅಪಾಯವಿಲ್ಲದ ವಿಷಯಗಳನ್ನು ಅವರಿಂದ ಬಾಯಿಪಾಠ ಮಾಡಿಸಿದೆ: ಮನೆಗಳಿಗೆ ಹಾಕುವ ತೆರಿಗೆ, ಮೊಣಕಾಲು ನೋವು, ಕರಿಬೇವಿನ ಗಿಡವನ್ನು ಚಳಿಯಲ್ಲಿ ಉಳಿಸಿಕೊಳ್ಳುವ ಬಗೆ. ರಸ್ತೆಯ ಎರಡೂ ಬದಿ ನೀಲಿ ಹೂವು ಹಾಸಿಕೊಂಡಿತ್ತು. ನಾನು ಒಂದನ್ನೂ ನೋಡಲಿಲ್ಲ, ಅವರ ಬಾಯನ್ನೇ ನೋಡುತ್ತಿದ್ದೆ.

ಕೇಟಿಯವರು ನಮಗಿಂತ ಮೊದಲೇ ಬಂದಿದ್ದರು. ನಿಖಿಲನ ತಂದೆ ಪ್ರಸಾದ್ ಎತ್ತರದ, ತೆಳ್ಳಗಿನ, ಮೆಲುದನಿಯ ಮನುಷ್ಯ. ಇಷ್ಟು ಸೌಮ್ಯವಾಗಿ ಕಾಣುವವರಿಗೇ ಸಿಟ್ಟು ಬಂದರೆ ಕಷ್ಟ ಎಂದು ನಾನು ಅವರನ್ನು ನೋಡಿದಾಗಲೆಲ್ಲ ಅಂದುಕೊಂಡೆ. ತಾಯಿ ವಸುಧಾ ದುಂಡುಮುಖದ, ರೇಷ್ಮೆ ಸೀರೆಯ, ಅಚ್ಚುಕಟ್ಟಾದ ಹೆಂಗಸು; ಬಂದವರೇ ಅಡುಗೆಮನೆಗೆ ನುಗ್ಗಿ ಅನಘಾಳ ಕೈಯಿಂದ ಸೌಟು ಕಸಿದುಕೊಂಡಿದ್ದರು. ನಮ್ಮವರು ಕೊಟ್ಟ ಮಾತಿಗೆ ತಪ್ಪದೆ ತೆರಿಗೆ ಎತ್ತಿದರು, ಮೊಣಕಾಲು ಎತ್ತಿದರು. ಕರಿಬೇವಿಗೆ ಬಂದಾಗ ಪ್ರಸಾದರ ಮುಖ ಅರಳಿತು. ಇಬ್ಬರೂ ಬೇರಿಗೆ ಮಜ್ಜಿಗೆ ಹಾಕುವ ವಿಷಯದಲ್ಲಿ ಒಮ್ಮತಕ್ಕೆ ಬಂದರು. ನನಗೆ ಹೋದ ಜೀವ ಅರ್ಧ ಬಂದಂತಾಯಿತು.

ಊಟದ ನಂತರ ಪ್ರಸಾದರು ಸೋಫಾದಲ್ಲೇ ತೂಕಡಿಸಿದರು. ಅನಘಾ, ನಿಖಿಲ್ ಐಸ್‌ಕ್ರೀಮ್ ತರಲು ಹೋದರು. ನಾನು, ವಸುಧಾ ಪಾತ್ರೆ ಎತ್ತಿಡುತ್ತಿದ್ದೆವು. ಅಷ್ಟರಲ್ಲಿ ನಮ್ಮವರ ಫೋನ್ ರಿಂಗಾಯಿತು. ಪಾಟೀಲರು. ಹ್ಯೂಸ್ಟನ್ನಿನವರು ಅನುಭವಸ್ಥನನ್ನು ಬಿಟ್ಟು, ಒಬ್ಬ ಕಾಲೇಜು ಹುಡುಗನನ್ನೇ ನೆಚ್ಚಿಕೊಂಡಿದ್ದಾರೆ ಎಂದು ಯಾವುದೋ ಸುದ್ದಿ ಬಂದಿತ್ತಂತೆ. ಇದೆಲ್ಲ ನನಗೆ ತಿಳಿದದ್ದು ಆಮೇಲೆ. ನಮ್ಮವರು ಬೀಗರ ಎದುರು ಮಾತಾಡಬಾರದೆಂದು ಮರ್ಯಾದೆಯಿಂದ ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡರು. ಆ ಬಾಲ್ಕನಿಗೆ ಅಡುಗೆಮನೆಯ ಕಿಟಕಿಯೂ ತೆರೆದುಕೊಂಡಿತ್ತು.

“ಆ ಹುಡುಗ ಏನೂ ಉಪಯೋಗ ಇಲ್ರಿ,” ಎಂದು ನಮ್ಮವರ ದನಿ ಸ್ವಚ್ಛವಾಗಿ ಒಳಗೆ ಬಂತು. “ನೋಡ್ಲಿಕ್ಕೆ ಎತ್ತರ ಇದ್ದಾನ, ಮಾತು ಛಲೋ ಅವ, ಒಪ್ಪಿದೆ. ಆದ್ರ ಸ್ವಲ್ಪ ಒತ್ತಡ ಬಂತಂದ್ರ ಕೈಕಾಲು ನಡಗ್ತಾವ. ಕಾಲೇಜಿನ್ಯಾಗ ಶ್ಯಾಣ್ಯಾ ಇದ್ದ ಅಂದ ಮಾತ್ರಕ್ಕ ಏನಾತು?”

ವಸುಧಾರ ಕೈಯಲ್ಲಿದ್ದ ತಟ್ಟೆ ನಲ್ಲಿಯ ಕೆಳಗೇ ನಿಂತಿತು. ನೀರು ತಟ್ಟೆಯಿಂದ ಅವರ ಸೆರಗಿಗೆ ಹಾರುತ್ತಿತ್ತು, ಅವರಿಗೆ ಪರಿವೆಯಿಲ್ಲ.

“ಹ್ಯೂಸ್ಟನ್‌ದವ್ರಿಗೇನ್ರೀ, ಹೆತ್ತವರಿಗೆ ಹೆಗ್ಗಣ ಮುದ್ದು. ಇವನಕಿಂತ ಛಲೋ ಹುಡುಗ್ರು ಇನ್ನೂ ಇಬ್ಬರು ಇದ್ದಾರ. ಏಪ್ರಿಲ್ ತನಕಾ ಕಾಯ್ರಿ, ಏನು ಅವಸರ ಅದ?”

ವಸುಧಾ ನಲ್ಲಿ ನಿಲ್ಲಿಸಿದರು. “ನಿಖಿಲ್ ಬಗ್ಗೆ ನಿಮ್ಮೋರಿಗೆ ಇಷ್ಟು ಅಸಮಾಧಾನ ಇದ್ರೆ ಮೊದಲೇ ಹೇಳಬಹುದಿತ್ತಲ್ವಾ,” ಎಂದು ಪಿಸುದನಿಯಲ್ಲಿ ಕೇಳಿದರು. “ನಮ್ಮ ಹುಡುಗ ನಿಮಗೇನು ಮಾಡಿದಾನೆ?”

ಓದುಗರೇ, ಆಗ ನನ್ನ ಸ್ಥಿತಿಯನ್ನು ನೀವೇ ಊಹಿಸಿಕೊಳ್ಳಿ. ಸುಮ್ಮನಿದ್ದರೆ ಅವರ ಮಗನನ್ನು ಬೇಡ ಅಂದಂತಾಯಿತು. ನಿಜ ಹೇಳಿದರೆ ಅವರ ಮನೆದೇವರನ್ನು ಬೈದಂತಾಯಿತು. ಯಾವ ಕಡೆ ಕಾಲಿಟ್ಟರೂ ಕೆಸರು. ಐಸ್‌ಕ್ರೀಮ್ ಹಿಡಿದುಕೊಂಡು ನಗುತ್ತ ಬಾಗಿಲು ತೆರೆಯುವ ಮಗಳ ಮುಖ ಕಣ್ಣ ಮುಂದೆ ಬಂತು. ಅಳು ಬಂದೇಬಿಟ್ಟಿತು. ಅಳುತ್ತಲೇ ಎಲ್ಲ ಹೇಳಿದೆ. ಅದು ನಿಖಿಲನ ಮಾತಲ್ಲ, ಕ್ವಾರ್ಟರ್‌ಬ್ಯಾಕಿನ ಮಾತು, ನಮ್ಮವರಿಗೆ ಇದೊಂದು ರೋಗ, ಪ್ರಸಾದರ ಕಿವಿಗೆ ಇದು ಬೀಳದಂತೆ ನೋಡಿಕೊಳ್ಳಿ, ಅವರು ಸೀಸನ್ ಟಿಕೆಟ್ ಇಟ್ಟುಕೊಂಡವರಂತೆ, ನನ್ನ ಮಗಳ ಬದುಕು ನಿಮ್ಮ ಕೈಯಲ್ಲಿದೆ ಎಂದೆಲ್ಲ ಬೇಡಿಕೊಂಡೆ.

ವಸುಧಾ ಕೈ ಒರೆಸಿಕೊಂಡರು. “ನಮ್ಮೋರಿಗೆ ಫುಟ್‌ಬಾಲೇ ಗೊತ್ತಿಲ್ಲ,” ಎಂದರು. “ಟಿಕೆಟ್ ನಂದು.”

ಅಷ್ಟು ಹೇಳಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಾಲ್ಕನಿಯ ಬಾಗಿಲು ಎಳೆದೇಬಿಟ್ಟರು. ನಮ್ಮವರು ತಿರುಗಿ ನೋಡಿದರು. ಗ್ಯಾರೇಜಿನ ಹಾವನ್ನು ನೋಡಿದಾಗಲೂ ಆ ಮುಖ ಅಷ್ಟು ಬಿಳಿಚಿರಲಿಲ್ಲ.

“ಯಾರ್ರೀ ಹೇಳಿದ್ದು ಆ ಹುಡುಗನ ಕೈಕಾಲು ನಡುಗುತ್ತೆ ಅಂತ?” ಎಂದರು ವಸುಧಾ. “ಮೂರೂ ಕಡೆಯಿಂದ ಮೇಲೆ ಬೀಳ್ತಿದ್ರೂ ನಿಂತು ಎಸೀತಾನೆ. ನೀವು ಅವನ ಆಟ ಪೂರ್ತಿ ನೋಡಿದೀರೋ, ಬರೀ ತುಣುಕು ನೋಡಿ ಮಾತಾಡ್ತೀರೋ?”

ನಮ್ಮವರು ಒಂದು ಗಳಿಗೆ ನನ್ನ ಕಡೆ ನೋಡಿದರು. ಕೊಟ್ಟ ಮಾತು ನೆನಪಿತ್ತು, ಪಾಪ. ನಾನು ಕಣ್ಣೊರೆಸಿಕೊಂಡು, ಆಗಲಿ ಎಂದು ತಲೆಯಾಡಿಸಿದೆ. “ತುಣುಕು ನೋಡಿದ್ದು ಖರೆ ಅದರೀ,” ಎಂದು ಅವರು ಬಹಳ ವಿನಯದಿಂದ ಒಪ್ಪಿಕೊಂಡು, “ಆದ್ರ…” ಎಂದು ಕುರ್ಚಿ ಎಳೆದುಕೊಂಡರು. ವಸುಧಾ ಇನ್ನೊಂದು ಎಳೆದುಕೊಂಡರು. ಪಾಟೀಲರನ್ನು ಸ್ಪೀಕರಿಗೆ ಹಾಕಿದರು. ಮಕ್ಕಳು ಬಂದಾಗ ಹೊರಗಿನ ಗದ್ದಲ ಕೇಳಿ ಅನಘಾ ಬಾಗಿಲಲ್ಲೇ ಡಬ್ಬಿ ಹಿಡಿದು ನಿಂತುಬಿಟ್ಟಳು. ನಿಖಿಲ್ ಮಾತ್ರ ಕಿವಿಗೊಟ್ಟು ಕೇಳಿ, ಅಮ್ಮ ಖುಷಿಯಾಗಿದ್ದಾಳೆ ಎಂದು ಅವಳಿಗೆ ಸಮಾಧಾನ ಹೇಳಿದ. ಪ್ರಸಾದರು ಎಚ್ಚರಗೊಂಡು ನನ್ನ ಕಡೆ ತಿರುಗಿ, ಮಜ್ಜಿಗೆ ಹುಳಿಯಾಗಿರಬೇಕೋ ಸಿಹಿಯಾಗಿರಬೇಕೋ ಎಂದು ವಿಚಾರಿಸಿದರು. ಸೀಸನ್ ಟಿಕೆಟ್ ಎಂದ ಕೂಡಲೇ ಗಂಡಸಿನ ಜೇಬಿನಲ್ಲೇ ಇರಬೇಕು ಎಂದುಕೊಂಡವಳು ನಾನೇ ಹೊರತು ಮಗಳಲ್ಲ. ಹೆಂಗಸಾಗಿ ಹುಟ್ಟಿ ನನಗೆ ಇಷ್ಟೂ ಹೊಳೆಯಲಿಲ್ಲ.

ಏಪ್ರಿಲ್ ಕೊನೆಯಲ್ಲಿ ಹ್ಯೂಸ್ಟನ್ನಿನವರು ಆ ಹುಡುಗನನ್ನೇ ಆರಿಸಿಕೊಂಡರು. ಅದೇ ವಾರ ನಾವೂ ನಿಖಿಲನನ್ನು ಖಾಯಂ ಮಾಡಿದೆವು. ಮುಹೂರ್ತ ಇಡುವಾಗ ವಸುಧಾ ಪಂಚಾಂಗದ ಪಕ್ಕದಲ್ಲಿ ಪಂದ್ಯಗಳ ವೇಳಾಪಟ್ಟಿ ಇಟ್ಟುಕೊಂಡಿದ್ದರು. ನಮ್ಮವರು ಅದನ್ನು ನೋಡಿ, ಬೀಗತಿ ಅಂದ್ರ ಹಿಂಗಿರಬೇಕು ಎಂದು ನನಗೆ ಕೇಳಿಸುವಂತೆ ಹೇಳಿದರು.

ಮದುವೆಗೆ ಮುಂಚಿನ ಅಕ್ಟೋಬರಿನಲ್ಲಿ ಒಂದು ಭಾನುವಾರ ನಮ್ಮವರು ಪಾಟೀಲರ ಮನೆಗೆ ಆಟ ನೋಡಲು ಹೋಗಿದ್ದರು. ಮನೆಯಲ್ಲಿ ಒಬ್ಬಳೇ ಇದ್ದೆ. ವಸುಧಾ ಅಷ್ಟು ಹಚ್ಚಿಕೊಂಡ ಹುಡುಗ ಹೇಗಿದ್ದಾನೋ ಎಂದು ಸುಮ್ಮನೆ ಹ್ಯೂಸ್ಟನ್ನಿನ ಪಂದ್ಯ ಹಾಕಿದೆ. ನಮ್ಮ ಅನಘಾಳಿಗಿಂತ ಚಿಕ್ಕವನು, ಎಳೆ ಮುಖ. ಮೂವರು ದಾಂಡಿಗರು ಒಟ್ಟಿಗೆ ಅವನ ಮೇಲೆ ಬಿದ್ದರು. ಅವರು ಎದ್ದರು, ಅವನು ಏಳಲಿಲ್ಲ. ನಾನು ಎದ್ದು ನಿಂತು, ತಾಳಿ ಕಣ್ಣಿಗೊತ್ತಿಕೊಂಡು, “ಏಳಪ್ಪಾ, ಏಳು,” ಎನ್ನುತ್ತಿದ್ದೆ. ಯಾರ ಮನೆಯ ಮಗುವೋ, ಇವನ ತಾಯಿ ಎಲ್ಲಿ ಕೂತು ನೋಡುತ್ತಿದ್ದಾಳೋ ಎಂದುಕೊಂಡು, ಇವನಿಗೆ ಏನೂ ಆಗದಿದ್ದರೆ ಒಂದು ಅರ್ಚನೆ ಮಾಡಿಸುತ್ತೇನೆ ಎಂದು ಹರಕೆ ಹೊತ್ತೆ. ಹುಡುಗ ಎದ್ದ. ಕುಂಟುತ್ತ ಹೋಗಿ ಮತ್ತೆ ಚೆಂಡು ಹಿಡಿದ.

ಮುಂದಿನ ವಾರ, ಒಂದು ಹರಕೆ ತೀರಿಸುವುದಿದೆ ಎಂದಷ್ಟೇ ಹೇಳಿ ದೇವಸ್ಥಾನಕ್ಕೆ ಹೊರಟಾಗ ನಮ್ಮವರೂ ಜೊತೆಗೆ ಬಂದರು. ಬೇಡ ಅನ್ನಲು ಕಾರಣ ಸಿಗಲಿಲ್ಲ. ಅರ್ಚಕರು ತಟ್ಟೆ ತೆಗೆದುಕೊಂಡು, ಯಾರ ಹೆಸರಿಗೆ ಎಂದು ಕೇಳಿದರು. ಡಲ್ಲಾಸ್ ತಂಡದ ಅಂಗಿ ತೊಟ್ಟ ಮನುಷ್ಯ ನನ್ನ ಪಕ್ಕದಲ್ಲೇ ಕೈಮುಗಿದು ನಿಂತಿದ್ದಾರೆ. ಆ ಹುಡುಗನ ಗೋತ್ರ, ನಕ್ಷತ್ರವೂ ನನಗೆ ಗೊತ್ತಿರಲಿಲ್ಲ. ಹೆದರಿ, ನಮ್ಮವರ ಹೆಸರನ್ನೇ ಹೇಳಿಬಿಟ್ಟೆ.

ಮಂಗಳಾರತಿ ಮುಗಿಯಿತು. ಕಾರು ಹತ್ತುವಾಗ ನಮ್ಮವರ ಕಣ್ಣು ಒದ್ದೆಯಾಗಿತ್ತು. “ನನ್ನ ಸಲುವಾಗಿ ಹರಕಿ ಹೊತ್ತಿದ್ದಿ, ಒಂದು ಮಾತೂ ಹೇಳ್ಲಿಲ್ಲಲ್ಲ,” ಎಂದರು. ನಾನು ತಲೆ ತಗ್ಗಿಸಿ ಪ್ರಸಾದ ತಿನ್ನುತ್ತ ಕೂತೆ.