ದೊಡ್ಡಪ್ಪನ ಕಾಲುಭಾಗದ ಹಾಡು

ನಮ್ಮ ದೊಡ್ಡಪ್ಪನಂಥ ಹಾಡುಗಾರ ಇಡೀ ಗೋರೆಗಾಂವ್‌ನಲ್ಲಿಲ್ಲ. ನಾಲ್ಕು ವರ್ಷ ದಿನಾ ಬೆಳಿಗ್ಗೆ ಹಾಡಿದರೂ ಮನೆಯವರು ಯಾರೂ ಒಂದೇ ಒಂದು ಹಾಡು ಕೇಳಿರಲಿಲ್ಲ! ಕೇಳಿದ್ದು ಬರೀ ಕಾಲುಭಾಗ.

ದೊಡ್ಡಪ್ಪ ಮಾಟುಂಗದ ಒಂದು ಉಡುಪಿ ಹೋಟೆಲಿನ ಮ್ಯಾನೇಜರ್. ಅವರು ಅಡುಗೆಮನೆಯತ್ತ ತಿರುಗಿ "ಎರಡು ಇಡ್ಲಿ, ಸಾಂಬಾರ್ ಬೇರೆ!" ಎಂದರೆ ಮೇಜಿನ ಮೇಲಿನ ಲೋಟಗಳು ನಡುಗುತ್ತಿದ್ದವು. ಆ ದನಿ ಒಮ್ಮೆ ದೋಸೆ ತಿನ್ನುತ್ತಿದ್ದ, ಗುಂಪುಹಾಡು ಕಲಿಸುವ ಕ್ವಾಯರ್ ಮಾಸ್ತರರೊಬ್ಬರ ಕಿವಿಗೆ ಬಿತ್ತು. "ಅಂಕಲ್, ಯೆ ಆವಾಜ್ ಹಮ್‌ಕೋ ಮಂಗ್ತಾ!" ಎಂದು ಆ ದನಿಯನ್ನು ತಮ್ಮ ಗುಂಪಿಗೆ ಬೇಡುತ್ತಾ ದೋಸೆ ಬಿಟ್ಟು ಎದ್ದರಂತೆ. ಅವರ ಗುಂಪಿನಲ್ಲಿ ಎಲ್ಲ ಮತದವರೂ ಇದ್ದರು. ತಗ್ಗು ಶ್ರುತಿಯ ದಪ್ಪ ದನಿಯ ಗಂಡಸರಿಗೆ ಮಾತ್ರ ಬರ. ಇಬ್ಬರು ಸಿಕ್ಕರೆ ಒಬ್ಬ ದುಬೈಗೆ ಹಾರುತ್ತಿದ್ದ.

ದೊಡ್ಡಪ್ಪ ಸೇರಿದ ಆ ಗುಂಪು ಕಲಿಯುತ್ತಿದ್ದುದು ಮಾಸ್. ಕ್ಯಾಥೊಲಿಕರ ಪೂಜೆಯ ಪ್ರಾರ್ಥನೆಗಳಿಗೆ ಹಿಂದಿನ ಕಾಲದ ಜರ್ಮನ್ ಸಂಗೀತಗಾರರೊಬ್ಬರು ಸ್ವರ ಹಾಕಿದ ದೊಡ್ಡ ಕೃತಿ. ನಾಲ್ಕು ದನಿ ಸೇರಿದರೆ ಹಾಡು. ದೊಡ್ಡಪ್ಪನದು ಎಲ್ಲಕ್ಕಿಂತ ಕೆಳಗಿನದು. ಅದೊಂದನ್ನೇ ಕೇಳಿದರೆ ಏನಿದೆ? ಸ್ನಾನ ಮಾಡಿ, ಗಂಧ ಹಚ್ಚಿ, ಕನ್ನಡ ಅಕ್ಷರದಲ್ಲಿ ಬರೆದುಕೊಂಡ ಲ್ಯಾಟಿನ್ ಚೀಟಿ ಹಿಡಿದು ಶುರುಮಾಡುತ್ತಿದ್ದರು.

"ಇದೆಂತ ಹಾಡು ಮಾರ್ರೆ? ಗ್ರೈಂಡರ್ ತಿರುಗಿದ ಹಾಗೆ!" ಎಂದು ದೊಡ್ಡಮ್ಮ ಅಡುಗೆಮನೆಯಿಂದ ರೇಗುತ್ತಿದ್ದರು.

"ಲ್ಯಾಟಿನ್‌ನಲ್ಲಿ ಪಾಚೆಮ್ ಅಂದ್ರೆ ಶಾಂತಿ ಮಾರಾಯ್ತಿ. ನಮ್ಮಲ್ಲೂ ಕೊನೆಗೆ ಮೂರು ಸಲ ಅದನ್ನೇ ಅಲ್ವಾ ಹೇಳೂದು?"

ಹಾಡುವುದಕ್ಕಿಂತ ಕಷ್ಟ ಸುಮ್ಮನಿರುವುದು. ಉಳಿದವರು ಹಾಡುವಾಗ ಇವರು ತಾಳ ಎಣಿಸುತ್ತಾ ಕಾಯಬೇಕು. ಲೋಕಲ್ ರೈಲಿನಲ್ಲೂ ಬೆರಳು ಮಡಚಿ ಎಣಿಸುತ್ತಾ ಗೋರೆಗಾಂವ್ ದಾಟಿ ಬೊರಿವಲಿಯಲ್ಲಿ ಇಳಿದದ್ದುಂಟು. ಕೇಳಿದರೆ, "ಇನ್ನೂ ಆರು ಇತ್ತು, ಮಧ್ಯದಲ್ಲಿ ಹೇಗೆ ಇಳಿಯೂದು?"

ಕೊನೆಗೂ ಇಡೀ ಮಾಸ್ ಚರ್ಚಿನಲ್ಲಿ ಹಾಡುವ ದಿನ ಗೊತ್ತಾಯಿತು. ಅದಕ್ಕೆ ಎರಡು ತಿಂಗಳಿರುವಾಗ ದೊಡ್ಡಪ್ಪನ ಗಂಟಲಲ್ಲಿ ಗಡ್ಡೆ ಕಾಣಿಸಿತು. ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಆ ಒಂದು ದಿನಕ್ಕಾಗಿ ನಾಲ್ಕು ವರ್ಷ ಕಾದಿದ್ದರು. ನನಗೆ ಅವರ ಮುಖ ನೋಡಲು ಆಗುತ್ತಿರಲಿಲ್ಲ.

ಆದರೂ ಆ ದಿನ ಚರ್ಚಿಗೆ ಹೋದರು. ಹಾಡುವವರ ಹಿಂದಿನ ಸಾಲಿನಲ್ಲಿ ಮಾಸ್ತರರು ಅವರ ಜಾಗ ಖಾಲಿ ಬಿಟ್ಟಿದ್ದರು. ದೊಡ್ಡಪ್ಪ ಚೀಟಿ ಹಿಡಿದು ನಮ್ಮ ನಡುವೆ ಬೆಂಚಿನಲ್ಲಿ ಕೂತರು. ಹಾಡು ಎದ್ದಿತು. ದೊಡ್ಡಪ್ಪನ ಪಾಲನ್ನು ಗುಂಪಿನಲ್ಲಿ ಉಳಿದಿದ್ದ ಇನ್ನಿಬ್ಬರು ದಪ್ಪ ದನಿಯವರು ಹಾಡಿದರು. ನಾವು ನಕ್ಕಿದ್ದ ಆ ಗ್ರೈಂಡರಿನ ಸದ್ದಿನ ಮೇಲೆಯೇ ಉಳಿದ ಮೂರೂ ದನಿಗಳು ನಿಂತಿದ್ದವು! ನನಗೆ ನಾಚಿಕೆಯಾಯಿತು.

ಶಾಂತಿ ಬೇಡುವ ಕೊನೆಯ ಪ್ರಾರ್ಥನೆ ಬಂತು. ದೊಡ್ಡಪ್ಪ ಬೆರಳು ಮಡಚುತ್ತಾ ಎಣಿಸಿದರು, ಸರಿಯಾದ ಜಾಗದಲ್ಲಿ ಬಾಯಿ ತೆರೆದರು. ಬರೀ ಉಸಿರು ಬಂತು.

ಆಗ ಪಕ್ಕದಲ್ಲಿ ಯಾರೋ ಮೆಲ್ಲಗೆ ಆ ಸಾಲನ್ನು ಎತ್ತಿಕೊಂಡರು. ದೊಡ್ಡಮ್ಮ! ಚೀಟಿ ನೋಡದೆ, ಒಂದಕ್ಷರ ತಪ್ಪದೆ, ಕೊನೆಯವರೆಗೆ ಹಾಡಿದರು.

"ಎಂತ ನೋಡೂದು? ನಾಲ್ಕು ವರ್ಷ ಕೇಳಿದವಳಿಗೆ ಅಷ್ಟೂ ಬರೂದಿಲ್ವಾ?" ಎಂದರು ಸೆರಗಿನಲ್ಲಿ ಕಣ್ಣೊರೆಸುತ್ತಾ.

ದೊಡ್ಡಪ್ಪ ಚೀಟಿಯನ್ನು ಮಡಚಿ ಅವರ ಕೈಯಲ್ಲಿಟ್ಟರು.