ಹದಿನೆಂಟನೆಯ ನಿಮಿಷದ ಗಂಟೆ

ನಂಬುವುದಿಲ್ಲ ಅನ್ನುವವರು ಈಗಲೇ ಎದ್ದು ಹೋಗಿ. ನನ್ನ ಜೊತೆ ವಾದಕ್ಕೆ ನಿಂತು ಗೆದ್ದವರು ಇದುವರೆಗೆ ಯಾರೂ ಇಲ್ಲ. ಬಾಗಲಕೋಟೆ ಕಡೆಯ ಹಳ್ಳಿಯವನಾದ ನಾನು, ಒಂದು ವಿಲಾಯತಿ ಹಾಡಿನ ಕೊನೆಗಾಗಿ ಮೂರು ವರ್ಷ ಮುಂಬೈ ಲೋಕಲ್‌ಗಳಲ್ಲಿ ಅಲೆದೆ. ಇಂಥ ಹುಚ್ಚುಗಳು ವಿಳಾಸ ಹುಡುಕಿಕೊಂಡು ನನ್ನ ಹತ್ತಿರವೇ ಬರುತ್ತವೆ.

ಭಾಂಡುಪ್‌ನ ಚಾಳು

ನಾನು ಕಾರ್ಖಾನೆಯಲ್ಲಿ ಫಿಟರ್. ಪಕ್ಕದ ಖೋಲಿಯ ಧಾರವಾಡದ ಕ್ಲಾರ್ಕ್ ಒಂದು ಭಾನುವಾರ ಟೇಪ್‌ರೆಕಾರ್ಡರಿಗೆ ಕ್ಯಾಸೆಟ್ ತುರುಕಿದ. "ಪ್ರೊಗ್ರೆಸಿವ್ ರಾಕ್ ಅಂತಾರ ಇದಕ್ಕ. ಒಂದ ಹಾಡು ಇಪ್ಪತ್ತು ನಿಮಿಷದ ಮ್ಯಾಲ. ನಿನ್ನ ಕೈಲೆ ಆಗೂದಿಲ್ಲ ಬಿಡು."

"ಬಯಲಾಟಕ್ಕ ಸಂಜೀಗೆ ಕುಂತ್ರ ಹೊತ್ತು ಹುಟ್ಟಿದ ಮ್ಯಾಲೆ ಏಳಾವ ನಾನು. ಹಚ್ಚಲೇ!"

ಗಿಟಾರು, ಆರ್ಗನ್ನು, ಡ್ರಮ್ಮು ಒಂದರ ಹೆಗಲ ಮೇಲೆ ಒಂದು ಏರಿದವು. ಹದಿನೆಂಟನೆಯ ನಿಮಿಷಕ್ಕೆ ಎಲ್ಲಾ ತುದಿ ಮುಟ್ಟುವಾಗ 'ಠಣ್' ಎಂದು ಒಂದೇ ಗಂಟೆ. ಆಮೇಲೆ ಖಟ್. ಟೇಪು ಖಾಲಿ.

"ಮುಂದ?"

"ಇಷ್ಟ ಐತಿ. ನಾ ಕಾಪಿ ಮಾಡ್ಕೊಂಡಿದ್ದೂ ಇಷ್ಟ. ಆ ಗಂಟಿ ಕೇಳಿದಿ? ಸಾವಿನ ಗಂಟಿ ಅದು. ಭಾಳ ಆಳ ಐತಿ."

ಆ ವಾರವೆಲ್ಲ ಅದೇ ನಾದ ಹುಡುಕುತ್ತಾ ಕಾರ್ಖಾನೆಯ ಕಬ್ಬಿಣಕ್ಕೆಲ್ಲ ಸುತ್ತಿಗೆಯಿಂದ ಬಾರಿಸಿದೆ. ಫೋರ್‌ಮನ್ ಬಂದು ಕೇಳಿದ: "ನಿನ್ನನ್ನು ಕೆಲಸಕ್ಕೆ ತಗೊಂಡಿದ್ದು ಫಿಟರ್ ಅಂತಲೋ, ಪೂಜಾರಿ ಅಂತಲೋ?"

ದಾದರ್ ಬ್ರಿಜ್

ಗರ್ದಿಯಲ್ಲಿ ಆ ಹಾಡನ್ನು ಶಿಳ್ಳೆ ಹಾಕುತ್ತಾ ಹೊರಟಿದ್ದೆ. ಹಿಂದಿನಿಂದ ಯಾರೋ, "ಠಣ್!" ಅಂದರು.

"ಯಾರಲೇ ಅದು?" ಎಂದು ತಿರುಗಿದರೆ ಗಡ್ಡದ ಕಾಲೇಜು ವಿದ್ಯಾರ್ಥಿ. ಮಾಟುಂಗಾದಲ್ಲೇ ಹುಟ್ಟಿ ಬೆಳೆದ ಕನ್ನಡದವನು. ಅವನ ಕ್ಯಾಸೆಟ್ಟೂ ಅಲ್ಲೇ ನಿಲ್ಲುತ್ತಿತ್ತಂತೆ, ಅವನ ಗೆಳೆಯರದೂ ಅಷ್ಟೇ. ನನ್ನ ಊರ ಚಪ್ಪಲಿ ನೋಡುತ್ತಾ, "ನೀವು... ಪೂರಾ ಕೇಳಿದ್ದು ಹೈ ಕ್ಯಾ?" ಅಂದ.

ಚಪ್ಪಲಿ ನೋಡಿದ್ದೇ ತಪ್ಪಾಯಿತು. "ಪೂರಾ ಕೇಳೇನಿ. ಗಂಟಿ ಇನ್ನೂ ಮೂರು ಸಲ ಹೊಡಿತಾರ. ಮೂರನೇದಕ್ಕ ಮೈಮ್ಯಾಲಿನ ಕೂದಲು ನಿಂದರತಾವ!"

ಅವನು ಅಲ್ಲೇ ನನ್ನ ಕಾಲು ಮುಟ್ಟಿದ. ಯಾರೋ ಸಾಧು ಮಹಾರಾಜರಿರಬೇಕೆಂದು ಹಿಂದಿದ್ದ ಇಬ್ಬರು ಹೆಂಗಸರೂ ಮುಟ್ಟಿದರು.

ಕೇಳಿದ್ದೇನೆ ಎಂದವನು ಇನ್ನು ಯಾರನ್ನು ಕೇಳಬೇಕು? ದಿನಾ ಲೋಕಲ್‌ನ ಬಾಗಿಲಲ್ಲಿ ನಿಂತು ಗುನುಗುತ್ತಿದ್ದೆ. ಆ ಗಂಟೆಯವರೆಗೆ ಬಂದರೆ ಸಾಕು, ಎದೆ ಖಾಲಿ ಖೋಲಿಯಂತಾಗುತ್ತಿತ್ತು.

ವಡಾಲದ ಕಾಲೊನಿ

ಕೊನೆಗೆ ವಿದ್ಯಾರ್ಥಿಯೇ, ಯಾರಿಂದ ಯಾರು ಕಾಪಿ ಮಾಡಿಕೊಂಡರೆಂದು ಕೇಳುತ್ತಾ ಹೋಗಿ, ನಮ್ಮ ಕ್ಯಾಸೆಟ್ಟುಗಳ ಮೂಲ ಪತ್ತೆ ಮಾಡಿದ: ವಡಾಲದಲ್ಲಿದ್ದ ಮೈಸೂರು ಕಡೆಯ ಆಫೀಸರೊಬ್ಬರ ಎಲ್.ಪಿ. ಪ್ಲೇಟು. ವಿದ್ಯಾರ್ಥಿ, ಕ್ಲಾರ್ಕ್ ಇಬ್ಬರೂ ನನ್ನನ್ನು ಮುಂದೆ ಮಾಡಿಕೊಂಡು ಹೋದರು. "ಸರ್, ಇವರು ಹಾಡಿನ ಕೊನೆ ಕೇಳಿದವರು!"

"ಹೌದಾ? ಎಲ್ಲಿ ಕೇಳಿದ್ರಿ?"

"ದೊಡ್ಡ ಕಥಿ ಸರ್," ಅಂದೆ.

ಪ್ಲೇಟು ತಿರುಗಿತು. ಹದಿನೆಂಟನೆಯ ನಿಮಿಷ ಬಂತು. ಗಂಟೆ ಬಾರಿಸಲೇ ಇಲ್ಲ. ಹಾಡು ಹಾಗೇ ಏರಿ, ಇನ್ನೂ ನಾಲ್ಕು ನಿಮಿಷ ಹರಿದು, ಸಣ್ಣಗಾಗಿ ನಿಂತಿತು. ನನ್ನ ಕಣ್ಣು ಒದ್ದೆಯಾಗಿತ್ತು. ಅವರಿಬ್ಬರು ನನ್ನನ್ನೇ ನೋಡುತ್ತಿದ್ದರು.

"ಗಂಟಿ ಎಲ್ಲೈತಲೇ?" ಅಂದ ಕ್ಲಾರ್ಕ್.

"ಯಾವ ಗಂಟೆ?" ಅಂದರು ಆಫೀಸರು. ವಿದ್ಯಾರ್ಥಿ ತನ್ನ ಕ್ಯಾಸೆಟ್ ಹಾಕಿ ತೋರಿಸಿದ. ಠಣ್!

ಅಡುಗೆಮನೆಯಿಂದ ಆಫೀಸರ ಹೆಂಡತಿ ಸೌಟು ಹಿಡಿದುಕೊಂಡೇ ಬಂದರು. "ಅಯ್ಯೋ, ಅದು ನನ್ನ ಬಿಂದಿಗೆ! ನಲ್ಲೀಲಿ ನೀರು ಬಂದಿತ್ತು. ಇವ್ರು ಸ್ಪೀಕರ್ ಮುಂದೆ ಟೇಪ್‌ರೆಕಾರ್ಡರ್ ಇಟ್ಕೊಂಡು ಕೂತಿದ್ರು, ಕೂಗಿದ್ರೆ ಕೇಳಿಸ್ತಾನೇ ಇರ್ಲಿಲ್ಲ. ಸೌಟಲ್ಲಿ ಒಂದು ಬಾರಿಸಿದೆ. ಆಫ್ ಮಾಡಿ ಎದ್ದು ಬಂದ್ರು."

"ಇವಾ ಮೂರು ಸಲ ಅಂದಿದ್ನಲ್ಲರೀ!" ಅಂದ ಕ್ಲಾರ್ಕ್.

"ಮೂರು ಸಲ ಬಾರಿಸ್ತಾ ನಿಂತಿದ್ರೆ ನೀರೇ ಹೋಗ್ಬಿಡ್ತಿತ್ತಲ್ಲಪ್ಪಾ!"

ಜೀವಮಾನದಲ್ಲಿ ಮೊದಲ ಸಲ ನಾನು ತಲೆ ತಗ್ಗಿಸಿದೆ. "ನಾ ಕೇಳೇ ಇರಲಿಲ್ಲರೀ ಅಕ್ಕಾರ."

ಮುಂದಿನ ಭಾನುವಾರ ಆಫೀಸರು ನನಗೊಂದು ಕ್ಯಾಸೆಟ್ ಕೊಟ್ಟರು. ಅದರಲ್ಲಿ ಹಾಡು ಪೂರ್ತಿ ಇದೆ. ಮುಗಿದ ಮೇಲೆ ಬಿಂದಿಗೆಯ ಸದ್ದಿದೆ, ಮೂರು ಸಲ.