ನಾಲ್ಕು ತಾಲ್ಲೂಕಿಗೆಲ್ಲ ನನ್ನದೇ ನಂಬರು

ತಾವರಗೇರಾ, 13 ಆಗಸ್ಟ್ 2018

ರೈತರ ಸಂದೇಶ ಕೇಂದ್ರದ ಕಂಪ್ಯೂಟರಿನೊಳಗೆ ಸುಖವಾಗಿ ವಾಸವಾಗಿರುವ ಸನ್ಮಾನ್ಯ ಟೆಂಪ್ಲೇಟ್ ಅವರ ಸನ್ನಿಧಿಗೆ, ಕುರಿ ಕಾಯುವ ಪಕ್ಕೀರಪ್ಪನ ಅಡ್ಡಬಿದ್ದ ನಮಸ್ಕಾರಗಳು.

ಮಾನ್ಯರೇ,

ನಾಲ್ಕನೆಯ ಕ್ಲಾಸಿಗೆ ಶಾಲೆ ಬಿಟ್ಟು ಕುರಿಯ ಹಿಂದೆ ಹೋದವನ ಕೈಗೆ ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಪೆನ್ನು ಹಿಡಿಸಿದ್ದೀರಿ. ಬಾಯಲ್ಲಿ ಹೇಳಿದ್ದರೆ ಎರಡು ನಿಮಿಷದ ಕೆಲಸ. ಆದರೆ "ಬಾಯಿಮಾತು ನಡ್ಯಂಗಿಲ್ಲಜ್ಜಾ, ಬರದು ಕೊಡ್ರಿ" ಎಂದು ತಮ್ಮ ಕೇಂದ್ರದವರ ಅಪ್ಪಣೆಯಾಗಿದೆ. ಅಕ್ಷರ ಸೊಟ್ಟಗಿದ್ದರೆ ಕ್ಷಮಿಸಬೇಡಿ, ಓದಿ.

ಕಳೆದ ತಿಂಗಳು ಕುರಿ ಲಸಿಕೆಯ ಸಂದೇಶ ನನ್ನ ಫೋನಿಗೂ ಬರಲಿ ಎಂದು ನಂಬರು ಕೊಡಲು ಬಂದಿದ್ದೆ. ಆಗಷ್ಟೇ ತಮ್ಮನ್ನು, ಅಂದರೆ ಎಲ್ಲ ಸಂದೇಶಕ್ಕೂ ಒಂದೇ ಅಚ್ಚನ್ನು, ತಯಾರಿಸುತ್ತಿದ್ದ ರಂಜಿತಾ ಎಂಬ ಹುಡುಗಿ, "ವಿಚಾರಣೆಗೆ ಸಂಪರ್ಕಿಸಿ" ಎಂಬ ಜಾಗದಲ್ಲಿ ಹೇಗೆ ಕಾಣುತ್ತದೆ ನೋಡೋಣವೆಂದು ಎದುರಿಗೆ ಕೂತವನ ನಂಬರನ್ನೇ ಒತ್ತಿದಳು, ಒತ್ತಿ ಮರೆತಳು. ಅಂದಿನಿಂದ ಎಲ್ಲ ಸಂದೇಶದ ಕೆಳಗೂ ನನ್ನದೇ ನಂಬರು, ನಾಲ್ಕು ತಾಲ್ಲೂಕಿನ ಫೋನೆಲ್ಲ ನನಗೇ. ಹೋಗಿ ಕೇಳಿದರೆ, "ಮೊದ್ಲು ಸಂದೇಶ ಕಳಸೋ ನಲವತ್ತು ಸ್ಕ್ರಿಪ್ಟಿನ್ಯಾಗೂ ನಂಬರು ಬ್ಯಾರೆ ಬ್ಯಾರೆ ಬರೀಬೇಕಿತ್ತಜ್ಜಾ. ಈಗ ಟೆಂಪ್ಲೇಟಿನ್ಯಾಗ ಒಮ್ಮೆ ಬರದ್ರ ಸಾಕು, ಎಲ್ಲಾ ಸ್ಕ್ರಿಪ್ಟೂ ಅದನ್ನ ನೋಡ್ಕೊಂಡು ಸಂದೇಶ ಕಳಸ್ತಾವ" ಎಂದು ಹೆಮ್ಮೆಯಿಂದ ಹೇಳಿದಳು. ಹಾಗಾದರೆ ಒಮ್ಮೆ ಅಳಿಸಿದರೂ ಸಾಕಲ್ಲ ಎಂದೆ. ತಯಾರಾದ ಮೇಲೆ ಅಳಿಸಲು ಪಾಸ್‌ವರ್ಡ್ ಬೇಕಂತೆ, ಅದನ್ನು ಬಲ್ಲ ಸಾಹೇಬರು ತರಬೇತಿಗೆ ಹೋಗಿದ್ದಾರಂತೆ.

ತಮ್ಮ ಮನೆತನದ ಒಗ್ಗಟ್ಟು ದೊಡ್ಡದು ಸ್ವಾಮಿ! ನನ್ನ ಮೂವರು ಮಕ್ಕಳಿಗೆ ಒಂದು ಮಾತು ಹೇಳಿದರೆ ಮೂವರೂ ಮೂರು ದಿಕ್ಕಿಗೆ ಹೋಗುತ್ತಾರೆ. ತಮ್ಮ ನಲವತ್ತು ಸ್ಕ್ರಿಪ್ಟುಗಳು ಒಮ್ಮೆ ಹೇಳಿಕೊಟ್ಟ ತಪ್ಪನ್ನು ನಲವತ್ತು ಸಲವೂ ಒಂದಕ್ಷರ ಬಿಡದೆ ಒಪ್ಪಿಸುತ್ತವೆ. ಕೊಪ್ಪಳದವರು ಕರೆಂಟು ಕೇಳುತ್ತಾರೆ, ಗಂಗಾವತಿಯವರು ಕಾಲುವೆ ನೀರು ಕೇಳುತ್ತಾರೆ. ಬೇವೂರಿನ ಒಬ್ಬಾಕೆ, "ಯಣ್ಣಾ, ಪರೀಕ್ಷಾಕ ಕೊಟ್ಟಿದ್ದೆ, ನನ್ನ ಮಣ್ಣು ಪಾಸಾತೇನು?" ಎಂದಳು. "ಪಾಸಾಗೈತಿ ತಂಗಿ, ಹಿಂಗಾರಿಗೆ ಕಡ್ಲಿ ಹಾಕು" ಎಂದೆ. ಮತ್ತೇನು ಹೇಳಲಿ?

ಇಷ್ಟೇ ಆಗಿದ್ದರೆ ಸಹಿಸುತ್ತಿದ್ದೆ. ಮೊಮ್ಮಗಳು ಸಹನಾಳನ್ನು ಮಗನಿಗೆಂದು ನೋಡಿ ಒಪ್ಪಿದ್ದ ನವಲಿಯ ಹೊಳಿಯಪ್ಪನವರು, ಶ್ರಾವಣದಲ್ಲಿ ನಿಶ್ಚಯಕ್ಕೆ ಯಾವ ದಿನ ಬರಬೇಕೆಂದು ಕೇಳಲು ಹೋದ ವಾರ ಫೋನು ಮಾಡಿದರು. ಅಂದು ಬೆಳಗಿನಿಂದ ಅದೇ ಸೀಮೆಯ ಹನ್ನೊಂದು ಜನ ನೀರು ಕೇಳಿ ನನ್ನ ತಲೆ ತಿಂದಿದ್ದರು. "ನಾವು ನವಲಿಯವ್ರು ರೀ, ಯಾವಾಗ..." ಎನ್ನುವಷ್ಟರಲ್ಲಿ, ಇವರು ಹನ್ನೆರಡನೆಯವರೆಂದು ತಿಳಿದು, "ನನ್ನೇನ ಕೇಳ್ತಿ, ಕಾಲುವಿ ನಿಮ್ಮಪ್ಪಂದೇನು? ಇಡು ಫೋನು!" ಎಂದುಬಿಟ್ಟೆ.

ಬಸ್ಸು ಹತ್ತಿ ನವಲಿಗೆ ಹೋಗಿ, ತಮ್ಮ ವಿಚಾರವನ್ನೆಲ್ಲ ಬಿಡಿಸಿ ಹೇಳಿದೆ. ಹೊಳಿಯಪ್ಪನವರು ಚಹಾ ಕೊಟ್ಟರು, ನಂಬಲಿಲ್ಲ. "ಹುಡುಗಿ ಬಂಗಾರ ಐತಿ. ನೀವು ಹೇಳೂದು ಖರೇ ಇದ್ರ ಆ ಕೇಂದ್ರದವ್ರ ಬಾಯಿಂದ ಹೇಳಸ್ರಿ" ಎಂದರು. ಸಹನಾ ಅಳಲಿಲ್ಲ. "ಯಜ್ಜಾ, ನಿನ್ನ ಬಾಯಿಗೂ ಒಂದು ಪಾಸ್‌ವರ್ಡ್ ಹಾಕಸ್ಬೇಕು" ಎಂದು ತಟ್ಟೆಗೆ ರೊಟ್ಟಿ ಹಾಕಿ ಎದ್ದು ಹೋದವಳು ಈವರೆಗೆ ನನ್ನೊಡನೆ ಮಾತಾಡಿಲ್ಲ.

ಆದ್ದರಿಂದ ನನ್ನ ನಂಬರು ಅಳಿಸುವ ಮುಂಚೆ ಒಂದು ಉಪಕಾರವಾಗಬೇಕು. ಕರೆಂಟು, ಕಾಲುವೆ, ಮಣ್ಣು, ಲಸಿಕೆ, ಎಲ್ಲ ಸಂದೇಶದ ಕೆಳಗೂ ಒಂದು ವಾರ ಹೀಗೆ ಬರಲಿ: "ಹೊಳಿಯಪ್ಪನವರೇ, ಪಕ್ಕೀರಪ್ಪ ಬೈದದ್ದು ತಮಗಲ್ಲ. ನಂಬರಿನ ತಪ್ಪು ನಮ್ಮದು, ಬಾಯಿಯ ತಪ್ಪು ಅವನದು. ನಿಶ್ಚಯಕ್ಕೆ ಬನ್ನಿ." ನಾಲ್ಕು ತಾಲ್ಲೂಕೂ ಓದಲಿ. ಈ ವಯಸ್ಸಿನವರೆಗೆ ತಪ್ಪಾಯಿತೆಂದು ಯಾರ ಮುಂದೂ ಅಂದವನಲ್ಲ ನಾನು. ಅನ್ನುವುದಾದರೆ ಎಲ್ಲರ ಮುಂದೆಯೇ ಒಮ್ಮೆ ಆಗಿಹೋಗಲಿ.

ತಮ್ಮ ವಿಶ್ವಾಸಿ, ಸಂಬಳವಿಲ್ಲದೆ ತಮ್ಮ ಫೋನು ಎತ್ತುತ್ತಿರುವ
ಪಕ್ಕೀರಪ್ಪ

ತಾ.ಕ.: ಉತ್ತರ ಬಾರದಿದ್ದರೆ ಆಗಸ್ಟ್ ಇಪ್ಪತ್ತಾರರಿಂದ ಕೇಳಿದವರಿಗೆಲ್ಲ ತಮ್ಮ ಹೆಸರಿನಲ್ಲಿ ನಾನೇ ಮಾತು ಕೊಡುತ್ತೇನೆ: ಕರೆಂಟು ಹಗಲೆಲ್ಲ, ನೀರು ಕೊನೆಯ ಹೊಲದವರೆಗೆ, ಲಸಿಕೆ ಹಾಕಲು ಸಾಹೇಬರೇ ಹಟ್ಟಿಗೆ. ಇಪ್ಪತ್ತೈದನೇ ತಾರೀಖಿನೊಳಗೆ ಉತ್ತರ ಕೊಡಿ. ಕಾಗದದಲ್ಲಿ.